ನೇಟಿವ್ ಪ್ಲೇಸ್ ಎಂಬ ಕಾಲಂ

ವಸ್ತ್ರಾಪುರದ ನಮ್ಮ ಸೊಸೈಟಿಯಲ್ಲಿ ಬಾಡಿಗೆಗಿರುವವರ ವಿವರ ಠಾಣೆಗೆ ಕೊಡಬೇಕು ಅಂದಾಗ, ಫಾರ್ಮ್ ತುಂಬುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಯಜಮಾನರಿಗೆ ಮೂರು ವರ್ಷಕ್ಕೊಂದು ವರ್ಗ, ಈ ಸಲ ಗುಜರಾತಿಗಳ ನಡುವೆ. ತುಂಬೀ ತುಂಬೀ ನನ್ನ ಕೈ ಪಳಗಿಹೋಗಿತ್ತು. ನಮ್ಮವರ ಲೆಕ್ಕದಲ್ಲಿ ನೇಟಿವ್ ಪ್ಲೇಸ್ ಅಂದರೆ ತಾತನ ಊರು. ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ, ಬರೆಯೋದು ಮಾತ್ರ ಚನ್ನರಾಯಪಟ್ಟಣ. ಅಲ್ಲಿ ನಮ್ಮದು ಅಂತ ಒಂದು ಕಲ್ಲೂ ಇಲ್ಲ. ಅದೇ ಗುಂಗಿನಲ್ಲಿ ಕೆಳಮನೆ ಆಂಟಿಯ ಫಾರ್ಮಿನಲ್ಲಿ ‘ಚೀನಾ’ ಅಂತ ಬರೆದುಬಿಟ್ಟೆ.

ಆಂಟಿಯ ತಾತ ಚೀನಾದಿಂದ ಬಂದವರು. ಆಂಟಿ ಹುಟ್ಟಿದ್ದು ಕೋಲ್ಕತ್ತದ ಚೀನೀ ಕೇರಿಯಲ್ಲಿ. ಇಲ್ಲಿಗೆ ಬಂದು ಪಾರ್ಲರ್ ಇಟ್ಟು ಎಷ್ಟೋ ವರ್ಷವಾಗಿತ್ತು. ದಾರ ಹಿಡಿದು ನನ್ನ ಹುಬ್ಬು ತಿದ್ದುತ್ತಾ ಆ ಕೇರಿಯ ಕಥೆ ಹೇಳೋರು: ಚರ್ಮ ಹದ ಮಾಡೋರು, ಬಡಗಿಗಳು, ಹಲ್ಲಿನ ಡಾಕ್ಟರಾಗಿದ್ದ ಅವರಪ್ಪ, ಭಾನುವಾರ ಬೆಳಿಗ್ಗೆ ರಸ್ತೆಬದಿಯ ಬಿಸಿ ಕಡುಬು, ಹೊಸವರ್ಷಕ್ಕೆ ಸಿಂಹದ ಕುಣಿತ. ಅರವತ್ತೆರಡರ ಯುದ್ಧದ ಮಾತನ್ನು ಮಾತ್ರ ಯಾವತ್ತೂ ಎತ್ತಿದವರಲ್ಲ.

ಸಹಿ ಹಾಕುವಾಗ ಕನ್ನಡಕ ಇರಲಿಲ್ಲ, ನನ್ನ ಮೇಲಿನ ನಂಬಿಕೆಯಿಂದ ಹಾಕಿದರು. ಮಾರನೇ ದಿನ ಎಲ್ಲರ ಫಾರ್ಮಿನ ಕಟ್ಟನ್ನು ಠಾಣೆಗೆ ಕೊಟ್ಟುಬಂದು, ಅವರಿಗೆ ಜೆರಾಕ್ಸ್ ಕೊಟ್ಟಾಗ ಓದಿದರು. ಮುಖ ಬಿಳಿಚಿಕೊಂಡಿತು. ಎದ್ದುಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದರು.

“ಬೇಟಿ, ಚೀನಾ ಯುದ್ಧದ ವರ್ಷ ನನಗೆ ಎಂಟು. ಮನೆಗೆ ಬಂದ ಪೊಲೀಸರ ಕೈಯಲ್ಲಿ ಇಂಥದ್ದೇ ಕಾಗದ ಇತ್ತು. ಅಪ್ಪನ ಹೆಸರು ಓದಿದರು. ನಮ್ಮೆಲ್ಲರನ್ನೂ ರೈಲು ಹತ್ತಿಸಿ ರಾಜಸ್ಥಾನದ ಶಿಬಿರಕ್ಕೆ ಹಾಕಿದರು. ವಾಪಸ್ ಬಂದಾಗ ನಮ್ಮ ಮನೆಯಲ್ಲಿ ಬೇರೆಯವರು ಅಡುಗೆ ಮಾಡ್ತಿದ್ದರು.”

“ಈಗ ಅಂಥದ್ದೆಲ್ಲ ಆಗಲ್ಲ ಆಂಟಿ” ಅಂದೆ. ಆದರೆ ಗಡಿಯಲ್ಲಿ ಜಗಳವಾಗಿ, ಜನ ಚೀನೀ ಫೋನು ಒಡೆಯೋದನ್ನು ಟಿವಿಯಲ್ಲಿ ತೋರಿಸುತ್ತಿದ್ದ ದಿನಗಳು ಅವು.

ಆಟೋ ಹತ್ತಿ ಠಾಣೆಗೆ ಓಡಿದೆ. ದಾರಿಯುದ್ದಕ್ಕೂ, ನನಗ್ಯಾಕೆ ಬೇಕಿತ್ತು ಈ ದೊಡ್ಡಸ್ತಿಕೆ, ಆ ಮುದುಕಿಯನ್ನು ನಾನೇ ಹಿಡಿದುಕೊಟ್ಟ ಹಾಗಾಯಿತಲ್ಲ ಅಂತ ನನ್ನನ್ನೇ ಬೈದುಕೊಂಡೆ. ಪುಣ್ಯಕ್ಕೆ ಪೇದೆ ನಮ್ಮ ಕಟ್ಟನ್ನು ಬಿಚ್ಚಿಯೇ ಇರಲಿಲ್ಲ. ತಪ್ಪಾಗಿದೆ ಅಂದಿದ್ದಕ್ಕೆ “ತಗೊಂಡ್ಹೋಗಿ ಬೆನ್” ಅಂತ ಹಿಂದಿಯಲ್ಲಿ ಹೇಳಿ ಫಾರ್ಮ್ ಕೊಟ್ಟು ಕಳಿಸಿದ.

ವಾಪಸ್ ಬಂದು ಆಂಟಿಯೆದುರೇ ಅದನ್ನೂ ಜೆರಾಕ್ಸನ್ನೂ ಹರಿದೆ. ಹೊಸದರಲ್ಲಿ ‘ಕೋಲ್ಕತ್ತ’ ಅಂತ ಬರೆದೆ. ಆಂಟಿ ಚೂರುಗಳನ್ನು ಒಂದೂ ಬಿಡದೆ ಆಯ್ದು, ಸಿಂಕಿನಲ್ಲಿ ನೆನೆಸಿ, ಹಿಸುಕಿ ಮುದ್ದೆ ಮಾಡಿದರು. ಆಮೇಲೆ ಕೇಳಿದರು: “ಇದನ್ನು ಇನ್ಯಾರು ಓದಿದ್ದಾರೆ?”

ತಪ್ಪಿದ್ದರೆ ತಿದ್ದಿಸಿಕೊಳ್ಳಲಿ ಅಂತ ಎಲ್ಲ ಫಾರ್ಮುಗಳ ಫೋಟೋವನ್ನು ಹಿಂದಿನ ದಿನವೇ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಆಂಟಿ ಆ ಗ್ರೂಪಿನಲ್ಲಿರಲಿಲ್ಲ. ಮರೆಯಲ್ಲಿ ಫೋನ್ ತೆಗೆದು ನೋಡಿದೆ. ಅವರ ಫಾರ್ಮಿನ ಕೆಳಗೆ ಮೂರನೇ ಮಹಡಿಯವರು ಬರೆದಿದ್ದರು: ‘ಇವರನ್ನು ಯಾವಾಗ ಖಾಲಿ ಮಾಡಿಸೋದು?’ ಅದಕ್ಕೆ ಸಾಲಾಗಿ ಹೆಬ್ಬೆರಳುಗಳು ಬಿದ್ದಿದ್ದವು.

“ಹೇಳು ಬೇಟಿ, ಯಾರು ಓದಿದ್ದಾರೆ?”

“ಯಾರೂ ಇಲ್ಲ ಆಂಟಿ” ಅಂದೆ.