ಉಲ್ಟಾ ಆಟೆ

ಈರಪ್ಪ ಮಾಮಾ ಯಾವ ಮುಚ್ಚಳವನ್ನೂ ನೇರವಾಗಿ ಮುಚ್ಚಿದ್ದನ್ನು ನಾನು ನೋಡಿಲ್ಲ. ಉಪ್ಪಿನಕಾಯಿಯ ಬಾಟಲಿಯಿರಲಿ, ಎಣ್ಣೆಯ ಡಬ್ಬಿಯಿರಲಿ, ಮೊದಲು ಅದನ್ನು ಹಿಂದಕ್ಕೆ ಕಾಲು ಸುತ್ತು ತಿರುಗಿಸುವರು. ಕಣ್ಣು ಅರೆ ಮುಚ್ಚುವರು. ಒಳಗೆಲ್ಲೋ ‘ಟಿಕ್’ ಎಂದದ್ದು ಹೆಬ್ಬೆರಳಿಗೆ ತಿಳಿದ ಮೇಲೆಯೇ ಮುಂದಕ್ಕೆ ತಿರುಗಿಸುವುದು.

“ಆಟೆ ಕುಂತಿದ್ದು ಬೆರಳಿಗೆ ಗೊತ್ತಾಗತೈತಿ ತಂಗಿ. ಗೊತ್ತಾಗೂ ಮಟಾ ಮುಂದ ಹೋಗಬಾರ್ದು. ಅವಸರ ಮಾಡಿದ್ರ ಆಟೆ ಹೋಗತಾವು. ಆಟೆ ಹ್ವಾದ್ರ ಮುಗೀತು ಆಟ.”

ಆಟೆ ಎಂದರೆ ತಿರುಪಿನ ಗೆರೆ. ವಿಜಾಪುರದ ಕಡೆಯ ಈ ಮನುಷ್ಯ ಮಹಾಪೆಯ ಒಂದು ಕಾರ್ಖಾನೆಯಲ್ಲಿ ಲೇತು ನಡೆಸುವ ಟರ್ನರ್. ಕಬ್ಬಿಣಕ್ಕೆ ಆಟೆ ಕೊರೆಯುವುದರಲ್ಲೇ ಅವರ ತಲೆ ನೆರೆತಿತ್ತು. ಮರಾಠಿಯವರಿಂದ ಕಲಿತ ಆ ಪದವನ್ನು ಅವರು ಎಲ್ಲದಕ್ಕೂ ಬಳಸುತ್ತಿದ್ದರು. ಪಕ್ಕದ ಮನೆಯ ಗಂಡ ಹೆಂಡಿರ ಜಗಳ ಕೇಳಿಸಿದರೆ, “ಇನ್ನೂ ಆಟೆ ಕುಂತಿಲ್ಲ” ಎನ್ನುವರು. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಅವರೂ ಅವರ ಹೆಂಡತಿ ಗಂಗವ್ವ ಮಾಮಿಯೂ ಕೆಳಗಿನ ಮನೆಯಲ್ಲಿ, ಉಡುಪಿ ಕಡೆಯ ನಾವು ಎರಡನೇ ಮಾಳಿಗೆಯಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ‘ಮಾಮಾ’ ಎನ್ನುವುದು ನಮ್ಮ ಮನೆಯ ತುಳುವಿಗೂ ಕಟ್ಟಡದ ಮರಾಠಿಗೂ ಹೊಂದುವ ಕರೆಯಾದ್ದರಿಂದ ಎಲ್ಲರಿಗೂ ಅವರು ಮಾಮಾ ಆಗಿದ್ದರು.

ನನಗೆ ಸೈಕಲ್ ಕಲಿಸಿದವರು ಅವರೇ, ಅದೂ ಇಪ್ಪತ್ತೆರಡನೇ ವಯಸ್ಸಿನಲ್ಲಿ. ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಹೊಸ ನೌಕರಿ, ಸ್ಟೇಷನ್ನಿಗೆ ಹೋಗಲು ಶೇರ್ ರಿಕ್ಷಾದ ಉದ್ದನೆಯ ಲೈನು, ನನ್ನ ತಾಳ್ಮೆಯೋ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕಟ್ಟಡದ ಸುತ್ತ ಕಾಂಪೌಂಡಿನೊಳಗೆ ಅವರು ಸೀಟು ಹಿಡಿದು ನನ್ನ ಹಿಂದೆ ಓಡುವರು. “ಹಿಡಕೊಂಡೀನಿ, ಹಿಡಕೊಂಡೀನಿ” ಎಂದು ಕೂಗುತ್ತಲೇ ಇರುವರು. ಮೂರನೆಯ ದಿನ ನೀರಿನ ಟಾಕಿಯ ಹತ್ತಿರ ತಿರುಗಿ ನೋಡುತ್ತೇನೆ, ಈ ಮಹಾರಾಯರು ಗೇಟಿನ ಬಳಿ ಸೊಂಟಕ್ಕೆ ಕೈಯಿಟ್ಟು ನಿಂತುಕೊಂಡೇ “ಹಿಡಕೊಂಡೀನಿ” ಎನ್ನುತ್ತಿದ್ದಾರೆ! ಹೆದರಿ ಬಿದ್ದು ಮೊಣಕೈ ತರಚಿಕೊಂಡೆ. 

“ಎಂತ ಸುಳ್ಳು ಹೇಳ್ತೀರಿ ಮಾರಾಯ್ರೆ!” ಎಂದು ಜಗಳಕ್ಕೆ ನಿಂತೆ. 

“ಸುಳ್ಳಿನ ಮ್ಯಾಲ ಅರ್ಧ ಸುತ್ತ ಹೊಡದಿ ತಂಗಿ. ಇನ್ನರ್ಧ ಖರೇನ ಹೊಡಿ,” ಎಂದು ನಕ್ಕರು.

ಆ ದಿನಗಳಲ್ಲೇ ಅವರ ಹರೆಯದ ಕಥೆ ಕೇಳಿದ್ದು. ವಿಜಾಪುರದಲ್ಲಿ ಒಂದೇ ಒಂದು ಹಂಗಾಮು ಅವರು ಯಾರದೋ ಟ್ರ್ಯಾಕ್ ಸೈಕಲ್ ಪಡೆದು ರೇಸಿಗೆ ಇಳಿದಿದ್ದರಂತೆ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇಲ್ಲ, ಫ್ರೀವೀಲೂ ಇಲ್ಲ. ಗಾಲಿ ಉರುಳುವಷ್ಟು ಹೊತ್ತು ಪೆಡಲು ತಿರುಗಲೇಬೇಕು, ಪೆಡಲಿನ ಜೊತೆ ಕಾಲೂ ತಿರುಗಲೇಬೇಕು. ನಿಲ್ಲಿಸಬೇಕೆಂದರೆ ಎರಡೂ ಕಾಲಿನಿಂದ ಪೆಡಲನ್ನು ಹಿಂದಕ್ಕೆ ಒತ್ತಬೇಕು. “ಅದು ಕಾಲಿಗೆ ಸುಮ್ಮ ಕೂಡಾಕ ಬಿಡೂದಿಲ್ಲ,” ಎನ್ನುವರು. ಆಗ ಇದೆಲ್ಲ ನನಗೆ ಬರೀ ಕಥೆಯಾಗಿತ್ತು.

ಎಂಟೊಂಬತ್ತು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ, ಮಾಮಾ ಪೇಸ್ಟಿನ ಮುಚ್ಚಳ ಹಾಕಲಾಗದೆ ನಿಂತಲ್ಲೇ ಕುಸಿದರು. ಲಕ್ವಾ ಹೊಡೆದಿತ್ತು. ಎಡಗೈ ಎಡಗಾಲು ಎರಡೂ ಹೋದವು. “ಜೇ ಯಾಯ್ಚ ತೇ ವರ್ಷಭರಾತ್ ಯೇತ,” ಎಂದರು ಡಾಕ್ಟರು. ಬರುವುದೆಲ್ಲ ವರ್ಷದೊಳಗೆ ಬರುತ್ತದೆ, ಆಮೇಲೆ ಆಸೆ ಕಡಿಮೆ. ಕೈಯಲ್ಲಿ ಒಂದಿಷ್ಟು ಬಂತು, ಚಹದ ಕಪ್ಪು ಒತ್ತಿ ಹಿಡಿಯುವಷ್ಟು. ಕಾಲಿನಲ್ಲಿ ಏನೂ ಬರಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ನಾಲ್ಕು ತಿಂಗಳು. ಬೆಳಿಗ್ಗೆ ಎದ್ದವರೇ ಎಡಗಾಲಿನ ಹೆಬ್ಬೆರಳನ್ನು ನೋಡುತ್ತ ಕೂರುವರು, ಅದು ಅಲ್ಲಾಡೀತೇ ಎಂದು. ಒಮ್ಮೆ ನಾನು ಬಾಗಿಲು ತಳ್ಳಿಕೊಂಡು ಹೋದಾಗ ಕೋಲಿನಿಂದ ಆ ಕಾಲಿಗೆ ಹೊಡೆಯುತ್ತಿದ್ದರು. ಗಂಗವ್ವ ಮಾಮಿ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ನಾನು ಕೋಲು ಕಸಿದುಕೊಂಡು ಮೇಲೆ ಓಡಿಬಿಟ್ಟೆ.

ಆಸ್ಪತ್ರೆಯಲ್ಲಿ ವ್ಯಾಯಾಮಕ್ಕೆಂದು ಕುಳಿತಲ್ಲೇ ತುಳಿಯುವ ಯಂತ್ರವೊಂದಕ್ಕೆ ಅವರನ್ನು ಕೂರಿಸುತ್ತಿದ್ದರು. ಅದರ ಮೇಲೆ ಅವರಿಗೆ ಎಲ್ಲಿಲ್ಲದ ಸಿಟ್ಟು. “ಎಲ್ಲೀಗೂ ಹೋಗದ ಗಾಲಿಗೆ ಕಾಲು ಯಾಕ ದುಡೀತೈತಿ?” ಎನ್ನುವರು. ಹಾಗೆ ಗೊಣಗುತ್ತಿದ್ದಾಗಲೇ ಒಂದು ದಿನ ನನ್ನ ಮಣಿಕಟ್ಟು ಹಿಡಿದುಕೊಂಡರು. “ತಂಗಿ, ನನಗ ಒಂದು ಟ್ರ್ಯಾಕ್ ಸೈಕಲ್ ಬೇಕು. ಬಲಗಾಲು ತುಳದ್ರ ಗಾಲಿ ತಿರಗತೈತಿ, ಗಾಲಿ ಎಡಗಾಲನ್ನ ತಿರುವತೈತಿ. ಸಾವಿರ ಸಲ ತಿರುವಿದ್ರ ಅದಕ್ಕ ನೆನಪಾಗೂದಿಲ್ಲೇನ? ಮಂದಿ ಹುಚ್ಚ ಅಂತಾರ. ನೀ ಅನಬ್ಯಾಡ.” ಆ ಕಣ್ಣನ್ನು ನೋಡಿದ ಮೇಲೆ ನಾನು ಹಾಗೆ ಅನ್ನಲಿಲ್ಲ.

ರವಿವಾರಗಳೆಲ್ಲ ಹುಡುಕಾಟಕ್ಕೇ ಹೋದವು. ಠಾಣೆಯ ಹಳೆಯ ಸೈಕಲ್ ಅಂಗಡಿಗಳಲ್ಲಿ ಕೇಳಿದೆ. ಬ್ರೇಕಿಲ್ಲದ ಸೈಕಲ್ ಎಂದರೆ ಅವರು ನನ್ನ ಮುಖ ನೋಡಿ ಹೊಸ ಬ್ರೇಕ್ ಹಾಕಿಕೊಡುತ್ತೇವೆ ತಾಯಿ ಎನ್ನುವರು. ಸಿಕ್ಕಿದ್ದು ಕೊನೆಗೆ ಕಲ್ಯಾಣದಲ್ಲಿ, ಆರನೇ ತಿಂಗಳಲ್ಲಿ, ಆಸ್ಪತ್ರೆಯಿಂದ ರಿಕ್ಷಾದಲ್ಲಿ ಬರುವಾಗ. “ಥಾಂಬ್, ಥಾಂಬ್!” ಎಂದು ಮಾಮಾ ಕೂಗಿದ ರಭಸಕ್ಕೆ ರಿಕ್ಷಾದವನು ಗಾಬರಿಯಾಗಿ ನಿಲ್ಲಿಸಿದ. ಒಬ್ಬ ಭಂಗಾರದವನು, ಅಂದರೆ ಗುಜರಿಯವನು, ತನ್ನ ಅಂಗಡಿಯ ಹೊದಿಕೆಯ ತಾಡಪತ್ರಿ ಹಾರದಂತೆ ಅದರ ಅಂಚಿಗೆ ತುಕ್ಕು ಹಿಡಿದ ಸೈಕಲ್ಲೊಂದನ್ನು ತೂಗುಬಿಟ್ಟಿದ್ದ. ಮಾಮಾ ನನ್ನ ಹೆಗಲು ಹಿಡಿದು ಇಳಿದು ಮುಂದಿನ ಗಾಲಿ ಹಿಡಿದಿಡುವ ಫೋರ್ಕಿನ ನೆತ್ತಿಯನ್ನು ಹೆಬ್ಬೆರಳಿನಿಂದ ಸವರಿದರು. “ತೂತಿಲ್ಲ! ಬ್ರೇಕ್ ಹಾಕೂ ತೂತ ಕೊರದೇ ಇಲ್ಲ ನೋಡು!”

“ಚಾಚಾ, ಇಸ್ಮೆ ಬ್ರೇಕ್ ಹೀ ನಹೀ ಹೈ, ಕ್ಯಾ ಕರೋಗೆ?” ಎಂದ ಅವನು, ಬ್ರೇಕೇ ಇಲ್ಲದ್ದನ್ನು ಒಯ್ದು ಏನು ಮಾಡುತ್ತೀರೆಂದು.

“ನಿಲ್ಲೂದು ಬ್ಯಾಡಾಗೇತಪಾ ನನಗ,” ಎಂದು ಮಾಮಾ ಅವನಿಗೆ ಕನ್ನಡದಲ್ಲೇ ಹೇಳಿದರು. ಲಕ್ವಾ ಹೊಡೆದ ಮೇಲೆ ಅವರು ನಕ್ಕಿದ್ದು ಅಂದೇ ಮೊದಲು.

ಮೆಟ್ಟಿಲ ಕೆಳಗೆ ಗೋಣಿ ಹಾಸಿ ಕೆಲಸ ಶುರುವಾಯಿತು. ಅವರು ಸ್ಟೂಲಿನ ಮೇಲೆ ಕೂತು ಹೇಳುವರು, ನಾನು ಮಾಡುವೆ. ಮೂರು ಪದರ ಬಣ್ಣ ಕೆರೆದಾಗ ಅಡಿಯಲ್ಲಿ ಮಾಸಿದ ಕೆಂಪು ಕಾಣಿಸಿತು. ತುಕ್ಕಿಗೆ ಮರಳುಕಾಗದ, ಬೇರಿಂಗಿಗೆ ಗ್ರೀಸು, ಸಿಕ್ಕಿದ ಅಳತೆಯ ಟೈರು. ಉಳಿದದ್ದು ಹಿಂದಿನ ಗಾಲಿಯ ನಡುವಿನ ಗುಂಬ, ಹಬ್ಬು. ಅಲ್ಲಿ ಹಲ್ಲುಚಕ್ರವನ್ನು ಬಿಗಿಯಾಗಿ ಹಿಡಿದಿಡುವ ಒಂದು ರಿಂಗು ತುಕ್ಕಿನಲ್ಲಿ ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಸುರಿದು, “ಮೂರು ದಿವಸ ಯಾರೂ ಮುಟ್ಟಬ್ಯಾಡ್ರಿ” ಎಂದರು ಮಾಮಾ.

ನಾನು ಮುಟ್ಟಿದೆ. ಎರಡನೇ ದಿನ ನನಗೆ ರಜೆ, ಅವರು ಮಧ್ಯಾಹ್ನ ಮಲಗಿದ್ದರು, ತಿಂಗಳುಗಳು ಕೈಜಾರುತ್ತಿದ್ದವು. ಅವರು ಏಳುವುದರೊಳಗೆ ಬಿಚ್ಚಿಟ್ಟು ಬೆರಗುಗೊಳಿಸಬೇಕೆಂಬ ಹುಮ್ಮಸ್ಸು. ರಿಂಗಿನ ಕಚ್ಚಿಗೆ ಉಳಿ ಇಟ್ಟು ಎಲ್ಲ ತಿರುಪು ಬಿಚ್ಚುವ ದಿಕ್ಕಿಗೇ ಸುತ್ತಿಗೆಯಿಂದ ಹೊಡೆದೆ. ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಹೊಡೆದೆ. ಆರನೆಯ ಏಟಿಗೆ ಅದು ಗರಗರನೆ ತಿರುಗಿತು, ತಿರುಗುತ್ತಲೇ ಇತ್ತು, ಹೊರಗೆ ಮಾತ್ರ ಬರಲಿಲ್ಲ. ಸದ್ದಿಗೆ ಮಾಮಾ ಕೋಲೂರಿಕೊಂಡು ಬಂದರು. ರಿಂಗನ್ನು ಎಳೆದು ತೆಗೆದು ಒಳಗೆ ಹೆಬ್ಬೆರಳಾಡಿಸಿದರು. ಬೆಳ್ಳಗಿನ ಕಬ್ಬಿಣದ ಪುಡಿ ಅಂಟಿಕೊಂಡು ಬಂತು.

“ಆಟೆ ಹ್ವಾದ್ವು,” ಎಂದರು. ಆಮೇಲೆ, ಬೈಯದೆ, ಪಾಠ ಹೇಳುವವರಂತೆ ಹೇಳಿದರು: “ನಿಲ್ಲಸಾಕ ಪೆಡ್ಲು ಹಿಂದ ಒತ್ತಿದಾಗ ಹಲ್ಲಿನ ಚಕ್ರ ಕಳಚಬಾರ್ದಲ್ಲ, ಅದಕ್ಕ ಈ ರಿಂಗಿಗೆ ಉಲ್ಟಾ ಆಟೆ ಇರತಾವು. ಬಿಚ್ಚೂ ಕಡೆ ಹೊಡದ್ರ ಬಿಗೀತೈತಿ.” ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎರಡು ದಿನ ಅವರು ಊಟ ಮಾಡಲಿಲ್ಲ. ಅವರಿಗೆ ಉಳಿದದ್ದೇ ಐದು ತಿಂಗಳು, ಅದನ್ನು ನಾನು ಸುತ್ತಿಗೆಯಿಂದ ಜಜ್ಜಿದ್ದೆ.

ಅಂಥ ಹಬ್ಬು ಕೊಳ್ಳೋಣವೆಂದರೆ ವಾಶಿಯಿಂದ ಕಲ್ಯಾಣದವರೆಗೆ ಎಲ್ಲೂ ಸಿಗಲಿಲ್ಲ. ಹಳೆಯ ಗೆರೆ ಸವೆಸಿ ಹೊಸ ಆಟೆ ಕೊರೆಯಬೇಕು, ಅದಕ್ಕೆ ತಕ್ಕ ರಿಂಗನ್ನೂ ಮಾಡಬೇಕು. ನನ್ನ ಆಫೀಸೂ ಮಹಾಪೆಯಲ್ಲೇ ಇತ್ತು. ಮಾಮಾನ ಕಾರ್ಖಾನೆಯ ಗೇಟಿಗೆ ಹೋಗಿ ನಿಲ್ಲತೊಡಗಿದೆ. ಇಂದು ಸಾಹೇಬರಿಲ್ಲ, ನಾಳೆ ಬನ್ನಿ, ಹೊರಗಿನವರನ್ನು ಬಿಡುವಂತಿಲ್ಲ. ನಾಚಿಕೆ ಬಿಟ್ಟು ಗೇಟಿನಲ್ಲಿ ಅತ್ತದ್ದೂ ಉಂಟು. ಹೀಗೇ ಎರಡು ತಿಂಗಳು ಕಳೆದ ಮೇಲೆ ಒಬ್ಬ ಹಳೆಯ ಸೂಪರ್‌ವೈಸರ್ ಊಟದ ವೇಳೆಯಲ್ಲಿ ಅರ್ಧ ಗಂಟೆ ಬಿಡಲು ಒಪ್ಪಿದ.

ಗಾಲಿಯ ಹಬ್ಬನ್ನು ಟವೆಲಿನಲ್ಲಿ ಸುತ್ತಿಕೊಂಡು ಶಿಳ್‌ಫಾಟಾ ದಾರಿಯ ಗುಂಡಿಗಳಲ್ಲಿ ರಿಕ್ಷಾದಲ್ಲಿ ಹೋದೆವು. ಅವರ ಲೇತು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಮಾಮಾ ಅದಕ್ಕೆ ಒರಗಿ ನಿಂತರು. ಬಲಗೈಯ ಹಿಡಿಕೆ ಅವರದು. ಎಡಗೈಯ ಹಿಡಿಕೆ ಹಿಡಿಯಲು ಹೋದ ಬೆರಳುಗಳು ಅದರ ಮೇಲಿಂದ ಜಾರಿದವು, ಮತ್ತೆ ಜಾರಿದವು. ಅವರು ನನ್ನ ಕಡೆ ನೋಡಲಿಲ್ಲ. “ಓಢಣಿ ಬಿಗದ ಕಟ್ಟು. ಹಿಡಿ,” ಎಂದರು. ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಆ ಹಿಡಿಕೆ ಹಿಡಿದೆ. “ಒಂದು ಗೆರಿ ಒಳಗ. ಸಾಕು. ಹಿಂದ. ಈಗ ಇನ್ನೊಂದು. ಅವಸರ ಬ್ಯಾಡ.” ಅವರ ಬೆವರು ನನ್ನ ಮಣಿಕಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ಅರ್ಧ ಗಂಟೆಯಲ್ಲಿ ಮುಗಿಯಲಿಲ್ಲ. ಸೂಪರ್‌ವೈಸರ್ ಎರಡು ಸಲ ಬಂದು ನೋಡಿ ಹಾಗೇ ಹೊರಟುಹೋದ. ಹೊಸ ರಿಂಗನ್ನು ಕೂರಿಸುವಾಗ ಮಾಮಾ ಕಣ್ಣು ಅರೆ ಮುಚ್ಚಿದರು. ಈ ಸಲ ‘ಟಿಕ್’ ಎಂದದ್ದು ನನಗೂ ತಿಳಿಯಿತು.

ಉಳಿದದ್ದು ಮೂರು ತಿಂಗಳಿಗಿಂತ ಕಡಿಮೆ. ದಿನಾ ಬೆಳಿಗ್ಗೆ ಕಾಂಪೌಂಡಿನಲ್ಲಿ ಅವರನ್ನು ಹತ್ತಿಸಿ, ಎಡಗಾಲನ್ನು ಹಳೆಯ ಬೆಲ್ಟಿನಿಂದ ಪೆಡಲಿಗೆ ಕಟ್ಟಿ, ಸೀಟು ಹಿಡಿದು ಜೊತೆಗೆ ಓಡುವೆ. ಅವರು ಹೇಳಿದಂತೆಯೇ ಗಾಲಿ ಆ ಸತ್ತ ಕಾಲನ್ನು ಎತ್ತಿ ಇಳಿಸಿ ತಿರುಗಿಸುತ್ತಿತ್ತು. ಆದರೆ ನಿಲ್ಲಿಸಲು ಎರಡು ಕಾಲು ಬೇಕಲ್ಲ. “ನಿಲ್ಲಸೂದು ನಿನ್ನ ಕೆಲಸ,” ಎಂದಿದ್ದರು. ಹಾಗಾಗಿ ಅವರ ಬ್ರೇಕು ನಾನೇ. ಕಟ್ಟಡದವರು ಬಾಲ್ಕನಿಯಿಂದ ನೋಡಿದರು, ಸೊಸೈಟಿಯ ಸೆಕ್ರೆಟರಿ ತಕರಾರು ತೆಗೆದ, ನನ್ನ ಅಮ್ಮ ಆಫೀಸಿಗೆ ತಡವಾಗುತ್ತದೆಂದು ಗದರಿದರು. ನಾವು ಸುತ್ತುತ್ತಲೇ ಇದ್ದೆವು. ದಿನದ ಕೊನೆಗೆ ಒಂದೇ ಪ್ರಶ್ನೆ: “ಎಡಗಡೆ ಏನಾರ ಒತ್ತಿಧಂಗ ಆತೇನ?” ನನ್ನದು ಒಂದೇ ಉತ್ತರ: “ನಾಳೆ ಆಗ್ತದೆ ಮಾಮಾ.”

ವರ್ಷ ತುಂಬಿದ ದಿನ ಅವರು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ಹಾಕಿಕೊಂಡು ಬಂದರು. ಎರಡು ಸುತ್ತು ಹೊಡೆದ ಮೇಲೆ, “ಬಲಗಾಲು ತಗೀತೀನಿ. ಎಡಗಾಲೊಂದ ತುಳೀತೈತೋ ಇಲ್ಲೋ ಇವತ್ತ ತಿಳೀಲಿ. ನೀ ಸೀಟ್ ಬರೇ ಹಿಡಿ. ದೂಡಬ್ಯಾಡ,” ಎಂದರು. ಬಲಗಾಲು ಪೆಡಲಿನಿಂದ ಕೆಳಗೆ ತೂಗಾಡಿತು. ಸೈಕಲ್ಲು ನಾಲ್ಕು ಮಾರು ಹೋಯಿತು, ಐದು ಮಾರು. ಆಮೇಲೆ ಅದರ ಭಾರ ಮೆಲ್ಲಗೆ ನನ್ನ ಅಂಗೈಗೆ ಬರತೊಡಗಿತು. ಎಡಗಾಲಿನಲ್ಲಿ ಏನೂ ಇರಲಿಲ್ಲ. ಗಾಲಿ ನಿಲ್ಲಲು ಇನ್ನು ಎರಡು ಹೆಜ್ಜೆಯಿತ್ತು.

ನಾನು ದೂಡಿದೆ. ಉಸಿರು ಬಿಗಿಹಿಡಿದು, ಹೆಜ್ಜೆಯ ಸದ್ದಾಗದಂತೆ, ಸಮನಾಗಿ, ನೀರಿನ ಟಾಕಿಯವರೆಗೆ ದೂಡಿದೆ.

“ಹೋತಲ್ಲ!” ಎಂದರು ಮಾಮಾ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. “ನೀ ದೂಡಲಿಲ್ಲಲಾ?”

“ಇಲ್ಲ ಮಾಮಾ. ಬರೀ ಹಿಡ್ಕೊಂಡಿದ್ದೆ.”

ಅವರು ನನ್ನ ತಲೆಯ ಮೇಲೆ ಬಲಗೈ ಇಟ್ಟರು. “ನಾಳೆ ಬ್ಯಾಡ ತಂಗಿ. ಓಡಿ ಓಡಿ ಸೊರಗೀದಿ. ಸಾಕಿನ್ನ,” ಎಂದರು. ಖುಷಿಯಾಗಿದ್ದಾರೆ ಎಂದುಕೊಂಡೆ. ಮತ್ತೆ ಅವರು ಸೈಕಲ್ ಕೇಳಲಿಲ್ಲ. ಎರಡು ತಿಂಗಳಿಗೆ ಇನ್ನೊಮ್ಮೆ ಲಕ್ವಾ ಹೊಡೆಯಿತು. ಮಾಮಾ ಹೋದರೆಂಬ ಸುದ್ದಿ ಬಂದಾಗ ನಾನು ಟ್ರೇನಿನಲ್ಲಿದ್ದೆ.

ಗಂಗವ್ವ ಮಾಮಿ ಅಣ್ಣನ ಮನೆಗೆಂದು ವಿಜಾಪುರಕ್ಕೆ ಹೊರಟ ದಿನ ಅವರ ದಾರಿಗೆ ಬಾಟಲಿಯಲ್ಲಿ ನೀರು ತುಂಬಿಸುತ್ತಿದ್ದೆ. ಸುಮ್ಮನಿರಲಾರದೆ, “ಒಂದು ಸಲ ಆದ್ರೂ ಕಾಲು ಬಂದಿತ್ತಲ್ಲ ಮಾಮಿ. ಆ ಸಮಾಧಾನ ಇತ್ತು ಅವರಿಗೆ,” ಎಂದೆ.

ಮಾಮಿ ಚೀಲದ ಬಾಯಿ ಕಟ್ಟುವುದನ್ನು ನಿಲ್ಲಿಸಿದರು.

“ಹೇಳಬ್ಯಾಡ ಅಂದಿದ್ರವಾ. ಅವತ್ತ ಒಳಗ ಬಂದವರ, ‘ಕಾಲು ಬರಲಿಲ್ಲ ಗಂಗೂ, ಆ ಹುಡುಗಿ ದೂಡಿದ್ಲು’ ಅಂದ್ರು. ‘ಸೈಕಲ್ ಕಲಸೂವಾಗ ನಾ ಕೈ ಬಿಟ್ಟು ಹಿಡಕೊಂಡೀನಿ ಅಂದಿದ್ದೆ. ಇವತ್ತ ಆಕಿ ದೂಡಿಕೋತ ದೂಡಿಲ್ಲ ಅಂದ್ಲು. ಉಲ್ಟಾ ಆಟೆ. ಬರೋಬ್ಬರಿ ಕುಂತ್ವು’ ಅಂದ್ರು. ಅಂದು ಗ್ವಾಡಿ ಕಡೆ ಹೊಳ್ಳಿ ಮಲಕೊಂಡ್ರು.”

ನಾನು ಬಾಟಲಿಗೆ ಮುಚ್ಚಳ ಹಾಕಲು ನೋಡಿದೆ. ಮೊದಲು ಹಿಂದಕ್ಕೆ ತಿರುಗಿಸಿದೆ. ಮತ್ತೂ ಹಿಂದಕ್ಕೆ ತಿರುಗಿಸಿದೆ. ಬೆರಳಿಗೆ ಏನೂ ತಿಳಿಯಲಿಲ್ಲ.