ಇಣುಕಿ ನೋಡುವ ರಾಜ

ಅವನು ಹಲ್ಲು ಕಟ್ಟುವವನು. ದಂತವೈದ್ಯರು ಬಾಯಿಯ ಅಚ್ಚು ಕಳಿಸಿದರೆ ಸಾಕು, ಹಿಂದಿನ ಕೋಣೆಯಲ್ಲಿ ಕೂತು ಮೇಣ ಕೆತ್ತಿ, ಪ್ಲಾಸ್ಟರು ಸುರಿದು, ಕಟ್ಟು ಹಲ್ಲಿನ ಸೆಟ್ಟು ಸಿದ್ಧಮಾಡುತ್ತಿದ್ದ. ಊರಿನ ಅರ್ಧ ಮುದುಕರು ನಗುತ್ತಿದ್ದದ್ದು ಅವನ ಕೈಗುಣದಿಂದ. ಆದರೂ ಅವನ ಮುಖ ಕಂಡವರು ಹತ್ತು ಜನರಿಲ್ಲ.

ಅದೇ ಕೋಣೆಯ ಮೂಲೆಯಲ್ಲಿ, ಪುಡಿ ಕೂರದಂತೆ ಹಳೆಯ ದಿಂಬಿನ ಚೀಲ ಹೊದ್ದ ಒಂದು ಕಂಪ್ಯೂಟರು. ಮೂರು ವರ್ಷದಿಂದ ಅದರೊಳಗೆ ಆಟವೊಂದನ್ನು ಕಟ್ಟುತ್ತಿದ್ದ. ಎರಡು ರಾಜ್ಯ, ನಡುವೆ ಬೆಟ್ಟ, ಕಾಡು, ಹೊಳೆ. ಒಂದು ಸರದಿ ನಿಮ್ಮದು, ಒಂದು ಸರದಿ ಕಂಪ್ಯೂಟರಿನ ರಾಜನದು. ನೀವು ನಡುವೆ ಎದ್ದು ಹೋಗಿ ಬಟ್ಟೆ ಒಣಹಾಕಿ ಬಂದರೂ ಶತ್ರು ಕತ್ತಿ ಹಿಡಿದು ಕಾಯುತ್ತಿರುತ್ತಾನೆ, ಪಾಪ!

ಇಂಟರ್ನೆಟ್ಟು ಇನ್ನೂ ಫೋನಿನ ತಂತಿಯಲ್ಲಿ ಕಿರುಚಿಕೊಂಡು ಬರುತ್ತಿದ್ದ ಕಾಲ ಅದು. ಆಟವನ್ನೂ, ಅದರ ಹೊಟ್ಟೆಯೊಳಗಿನ ಸಾಲು ಸಾಲು ಪ್ರೋಗ್ರಾಮು ಬರಹವನ್ನೂ ಲೋಕದ ಮುಂದೆ ಪುಕ್ಕಟೆ ಇಡಬೇಕು, ಯಾರು ಬೇಕಾದರೂ ಓದಲಿ, ತಿದ್ದಲಿ, ಹಂಚಲಿ ಎನ್ನುವುದು ಅವನ ಆಸೆ. ಬರುವ ಭಾನುವಾರವೇ ಎಂದು ದಿನವನ್ನೂ ಗೊತ್ತುಮಾಡಿಬಿಟ್ಟಿದ್ದ.

ಆಟ ಆಡಿ ನೋಡುವ ಕೆಲಸ ಅತ್ತೆಯದು. ಹೆಂಡತಿಯ ತಾಯಿ, ಶಾಲೆಯ ನಿವೃತ್ತ ಮೇಡಂ. ಹದಿನಾಲ್ಕು ಸಲ ಆಡಿ ಹದಿನಾಲ್ಕು ಸಲವೂ ಸೋತಿದ್ದರು. ಅಳಿಯನಿಗೆ ಒಳಗೊಳಗೇ ಖುಷಿ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವನ ಹೆಗ್ಗಣ ಜಾಣ ಬೇರೆ.

ಶನಿವಾರ ಬೆಳಗ್ಗೆ ಅತ್ತೆ ಕನ್ನಡಕ ತೆಗೆದಿಟ್ಟರು. "ಅಳಿಯಂದ್ರೇ, ನಿಮ್ಮ ರಾಜ ಕಾಪಿ ಹೊಡೀತಾನೆ."

"ಸೋತೋರೆಲ್ಲ ಹಾಗೇ ಅನ್ನೋದು ಅತ್ತೆ."

"ಮೂವತ್ತು ವರ್ಷ ಪರೀಕ್ಷೆ ಕಾವಲು ಕಾದಿದೀನಿ ಕಣ್ರೀ. ಪಕ್ಕದೋನ ಪೇಪರು ನೋಡೋನ ಕತ್ತು ಹೇಗೆ ತಿರುಗುತ್ತೆ ಅಂತ ಬೆನ್ನ ಹಿಂದಿಂದ್ಲೇ ಹೇಳಬಲ್ಲೆ. ಬನ್ನಿ ಇಲ್ಲಿ."

ನಕ್ಷೆಯ ಚೌಕಗಳಲ್ಲಿ ಮೂರು ಮನೆಯಾಚೆ ಇರುವುದು ಯಾರ ಕಣ್ಣಿಗೂ ಬೀಳಬಾರದು, ಇದು ಆಟದ ನಿಯಮ. ಅತ್ತೆ ತಮ್ಮ ಕುದುರೆಪಡೆಯನ್ನು ದೂರದ ಎಡಗಡೆ ಕಾಡಿನಲ್ಲಿ ಅಡಗಿಸಿದರು. ರಾಜನ ಸೈನ್ಯ ಎಡಕ್ಕೆ ತಿರುಗಿತು. ಬೆಟ್ಟದ ಹಿಂದೆ ಒಯ್ದರು. ಸೈನ್ಯ ಬೆಟ್ಟದ ಕಡೆಗೆ. ಮತ್ತೆ ಕಾಡಿಗೆ. ಮತ್ತೆ ಎಡಕ್ಕೆ!

"ನೋಡಿದ್ರಾ ಕತ್ತು?"

ಅವನು ಆಟದ ಒಳಗಿನ ಬರಹ ತೆರೆದ. ಸಿಕ್ಕೇಬಿಟ್ಟಿತು. ಎರಡು ವರ್ಷದ ಹಿಂದೆ, ಸೈನ್ಯ ನಡೆಯುತ್ತದೋ ಇಲ್ಲವೋ ಪರೀಕ್ಷಿಸಲೆಂದು, ರಾಜನಿಗೆ ಇಡೀ ನಕ್ಷೆ ಕಾಣಲಿ ಎಂದು ಒಂದು ಸಾಲು ಬರೆದಿದ್ದ. ಅಳಿಸುವುದು ಮರೆತೇಹೋಗಿತ್ತು. ಈಗ ಅಳಿಸಿದ. ಅತ್ತೆ ಆಡಿದರು. ರಾಜ ಹೊಳೆಯ ದಡಕ್ಕೆ ಬಂದ, ವಾಪಸು ಹೋದ, ಕೊಡೆ ಮರೆತವನಂತೆ ಮತ್ತೆ ಬಂದ. ಒಂಬತ್ತೇ ಸರದಿಯಲ್ಲಿ ಕೋಟೆ ಅತ್ತೆಯ ಕೈಗೆ.

ಅಳಿಯನ ಮುಖ ಹುಳ್ಳಗಾಯಿತು. ಮೂರು ವರ್ಷದ ಜಾಣತನವೆಲ್ಲ ಕದ್ದ ಮಾಲು! "ನಾಳೆ ಬೇಡ ಬಿಡಿ ಅತ್ತೆ. ಈ ದಡ್ಡನ್ನ ಯಾರಿಗೆ ತೋರಿಸ್ಲಿ? ಇನ್ನೊಂದು ವರ್ಷ ಹೋಗ್ಲಿ."

"ನನಗೆ ಹಲ್ಲು ಕೂರಿಸಿದ ದಿನ ಏನಂದ್ರಿ?"

"ನೀಲಿ ಕಾಗದ ಕಚ್ಚಿ ಅಂದೆ."

"ಯಾಕೆ?"

"ಎಲ್ಲಿ ತಾಗುತ್ತೆ ಅಂತ ಗುರುತು ಬೀಳ್ಬೇಕಲ್ಲ. ಅದು ಹಾಕ್ಕೊಂಡೋರ ಬಾಯಲ್ಲೇ ಗೊತ್ತಾಗೋದು."

"ಕಟ್ಟಿದೋರು ನೀವು, ಕಚ್ಚೋರು ನಾವು. ಇದನ್ನೂ ಜನರ ಬಾಯಿಗೆ ಹಾಕಿ, ಕಚ್ಚಲಿ!"

ಭಾನುವಾರ ಫೋನಿನ ತಂತಿ ಕಿರುಚಿತು. "ನಮ್ಮಕ್ಕ ಬೆಳಗ್ಗೆಯಿಂದ ಫೋನು ಮಾಡ್ತಿರ್ತಾಳೆ, ಲೈನು ಸಿಗಲ್ಲ, ಬೇಗ ಮುಗಿಸ್ರೀ" ಎಂದು ಹೆಂಡತಿ ಬಾಗಿಲಲ್ಲೇ ನಿಂತಳು. ಆಟದ ಜೊತೆ ಅವನು ಎರಡೇ ಮಾತು ಬರೆದ: "ನಮ್ಮ ರಾಜ ದಡ್ಡ, ಆದರೆ ಮರ್ಯಾದಸ್ಥ. ಯಾರಾದರೂ ಬುದ್ಧಿ ಕಲಿಸಿ."

ಹತ್ತು ದಿನ ಒಂದು ನರಪಿಳ್ಳೆಯ ಸದ್ದಿಲ್ಲ. ಹನ್ನೊಂದನೇ ದಿನ ಯಾವುದೋ ದೇಶದ ಬೇಕರಿಯವನ ಪತ್ರ ಬಂತು, ಹೊಳೆ ದಾಟಿಸುವ ಇಪ್ಪತ್ತು ಸಾಲುಗಳ ಸಮೇತ. ಆಮೇಲೆ ಒಬ್ಬಳು ನರ್ಸು, ಶತ್ರುವನ್ನು ಕೊನೆಗೆ ಕಂಡ ಜಾಗ ನೆನಪಿಟ್ಟುಕೊಳ್ಳುವುದನ್ನು ರಾಜನಿಗೆ ಕಲಿಸಿದಳು. ಇನ್ನೊಬ್ಬ ಬರೀ ತಪ್ಪುಗಳನ್ನೇ ಪಟ್ಟಿ ಮಾಡಿ ಕಳಿಸಿದ, ನಲವತ್ತೊಂದು! ಇವನು ಅದನ್ನು ಮುದ್ರಿಸಿ, ಬಹುಮಾನದ ಪತ್ರದಂತೆ ಗೋಡೆಗೆ ಅಂಟಿಸಿಕೊಂಡ. ಹೆಸರು ಗೊತ್ತಿಲ್ಲದ ಬಾಯಿಗಳಿಗೆ ಹಲ್ಲು ಕಟ್ಟಿದವನಿಗೆ, ಆ ಬಾಯಿಗಳು ಮೊದಲ ಸಲ ತಿರುಗಿ ಮಾತಾಡಿದ್ದವು.

ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅತ್ತೆ ಆಡಲು ಕೂತರು. ಕುದುರೆಪಡೆಯನ್ನು ಕಾಡಿನಲ್ಲಿ ಅಡಗಿಸಿದರು. ರಾಜ ಮೊದಲು ತಪ್ಪು ಕಡೆ ಹೋದ, ತಡೆದು ನಿಂತ, ಇಬ್ಬರು ಬೇಹುಗಾರರನ್ನು ಕಳಿಸಿದ, ಹುಡುಕಿದ, ಬಂದ, ಗೆದ್ದ. ಅಳಿಯ ಪ್ಲಾಸ್ಟರು ಮೆತ್ತಿದ ಕೈಯಲ್ಲೇ ಬಂದು ಬೆನ್ನ ಹಿಂದೆ ನಿಂತಿದ್ದ.

ಅತ್ತೆ ನಕ್ಕ ನಗುವಿಗೆ ಮೇಲಿನ ಸೆಟ್ಟು ಜಾರಿ, ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಅದನ್ನು ಒಳಗೆ ಕೂರಿಸಿಕೊಂಡು ತೀರ್ಪು ಕೊಟ್ಟರು: "ಕತ್ತು ನೆಟ್ಟಗಿತ್ತು. ಸ್ವಂತ ಬುದ್ಧಿಯಿಂದ ಪಾಸಾಗಿದಾನೆ." ಕುರ್ಚಿ ಹತ್ತಿರ ಎಳೆದುಕೊಂಡರು. "ಆದ್ರೂ ಒಂದ್ಸಲ ಪಾಸಾದ್ರೆ ಆಯ್ತಾ? ಇನ್ನೊಂದಾಟ ಹಾಕಿ ಅಳಿಯಂದ್ರೇ. ಮೊದಲ ಸರದಿ ನಂದು!"