ಮೈದಾನಕ್ಕೆ ಎಸೆದ ಚೆಂಡು

ದಕ್ಷಿಣ ಕ್ಯಾರೊಲೈನಾದ ಈ ಪುಟ್ಟ ಊರಿನ ಬೇಸ್‌ಬಾಲ್ ತಂಡಕ್ಕೆ ಇವತ್ತು ಇಲ್ಲಿ ಕೊನೆಯ ಆಟ. ಬೇರೊಂದು ಊರು ಹೊಸ ಸ್ಟೇಡಿಯಂ ಕಟ್ಟಿಸಿಕೊಡುತ್ತದೆಂದು ಮಾಲೀಕ ತಂಡವನ್ನು ಅಲ್ಲಿಗೆ ಒಯ್ಯುತ್ತಿದ್ದಾನೆ. ಹೆಸರು, ಸಮವಸ್ತ್ರ, ಸ್ಕೋರ್‌ಬೋರ್ಡ್ ಎಲ್ಲವೂ ಅವನದೇ. ಆಟ ಮುಗಿದ ಮೇಲೆ ಪಟಾಕಿ ಬೇರೆ ಇದೆಯಂತೆ, ಕಳೆದುಕೊಂಡವರ ಸಂಭ್ರಮಕ್ಕೆ! ಪಕ್ಕದ ಸೀಟಿನ ಮುದುಕಿ ಇದನ್ನೆಲ್ಲ ನನಗೆ ಹೇಳುತ್ತಿದ್ದಳು. ಮದುವೆಗೂ ಮುಂಚಿನಿಂದ ಇದೇ ಬೆಂಚಿನಲ್ಲಿ ಕೂತು ಆಟ ನೋಡಿದವಳು.

ಅಷ್ಟರಲ್ಲಿ ಬ್ಯಾಟಿಗೆ ತಾಗಿದ ಚೆಂಡೊಂದು ನಮ್ಮ ಸಾಲಿಗೇ ಹಾರಿ ಬಂತು. ನನ್ನನ್ನು ಕರೆತಂದಿದ್ದ ತಂಗಿಯ ಗಂಡ ಶ್ರೀಧರ ಮೈಸೂರಿನ ಬೀದಿಯಲ್ಲಿ ಕ್ರಿಕೆಟ್ ಆಡಿ ಬೆಳೆದವನು. ಎದ್ದು ಹಿಡಿದವನೇ ಅದನ್ನು ಮೈದಾನಕ್ಕೆ ಎಸೆದುಬಿಟ್ಟ.

"ಕ್ಯಾಚ್ ನೋಡಿದ್ರಾ, ಭಾವ?"

ಸುತ್ತಲಿದ್ದವರು ಹೋ ಎಂದು ಕೂಗಿ ಛೀಮಾರಿ ಹಾಕಿದರು. ಇಲ್ಲಿ ಪ್ರೇಕ್ಷಕರ ಕೈಗೆ ಸಿಕ್ಕ ಚೆಂಡು ಅವರದೇ. ಮನೆಗೆ ಒಯ್ದು ಇಟ್ಟುಕೊಳ್ಳುತ್ತಾರೆ.

"ಸಾರಿ ಆಂಟಿ, ನಮ್ಮ ಕಡೆ ವಾಪಸ್ ಕೊಡ್ತೀವಿ," ಎಂದು ಶ್ರೀಧರ ಇಂಗ್ಲಿಷಿನಲ್ಲಿ ತೊದಲಿದ.

ಮುದುಕಿ ಮೈದಾನದತ್ತ ನೋಡುತ್ತಲೇ ಹೇಳಿದಳು.

"ಆ ಮಾಲೀಕ ನಮ್ಮಿಂದ ಕಿತ್ತುಕೊಳ್ಳೋಕಾಗದೆ ಇದ್ದದ್ದು ಅದೊಂದೇ ಕಣಪ್ಪ. ಅದನ್ನ ನೀನೇ ಕೊಟ್ಟುಬಿಟ್ಟೆ."